ಕೇಸು ಸೋತ ಕರ್ಟ್ ಫ್ಲಡ್

ಐಪಿಎಲ್ ಹರಾಜು ಬಂತೆಂದರೆ ಫೇಸ್‌ಬುಕ್ ತುಂಬ ಅದೇ ಮಾತು. ಇವನನ್ನು ಇಷ್ಟು ಕೋಟಿಗೆ ಕೊಂಡರು, ಅವನನ್ನು ಯಾರೂ ಕೇಳಲೇ ಇಲ್ಲ, ಆ ದುಡ್ಡು ದಂಡ. ನಾನೂ ಆ ಹರಟೆಯಲ್ಲಿ ಇರುತ್ತೇನೆ. ಆರ್‌ಸಿಬಿ ಅಭಿಮಾನಿಗೆ ಬೇರೆ ದಾರಿ ಎಲ್ಲಿದೆ ಹೇಳಿ. ಆದರೆ ಹರಾಜಿನ ಸುತ್ತಿಗೆ ಬಿದ್ದಾಗಲೆಲ್ಲ ನನಗೆ ಒಬ್ಬ ಬೇಸ್‌ಬಾಲ್ ಆಟಗಾರ ನೆನಪಾಗುತ್ತಾನೆ. ಹೆಸರು ಕರ್ಟ್ ಫ್ಲಡ್. ಆಟದ ಲೋಕದಲ್ಲಿ ನಿನ್ನ ಹೀರೋ ಯಾರು ಅಂತ ಕೇಳಿದರೆ ನಾನು ಹೇಳುವ ಮೊದಲ ಹೆಸರು ಇವನದೇ.

ಆಟದಲ್ಲೂ ಕಮ್ಮಿಯವನೇನಲ್ಲ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ 12 ವರ್ಷ ಆಡಿದ. ಸೆಂಟರ್ ಫೀಲ್ಡರ್, ಅಂದರೆ ಮೈದಾನದ ಹಿಂಭಾಗದ ನಡುವೆ ನಿಂತು ಚೆಂಡು ಹಿಡಿಯುವವನು. 1963ರಿಂದ 1969ರವರೆಗೆ ವರ್ಷವೂ ತಪ್ಪದೆ ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಪಡೆದ. 1966ರ ಇಡೀ ಸೀಸನ್‌ನಲ್ಲಿ ಅವನ ಹೆಸರಿಗೆ ಒಂದೇ ಒಂದು ಎರರ್ (ಫೀಲ್ಡಿಂಗ್ ತಪ್ಪು) ಇಲ್ಲ. 1964 ಮತ್ತು 1967ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಫೈನಲ್ ಸರಣಿ ಗೆದ್ದ ತಂಡದಲ್ಲಿ ಅವನಿದ್ದ. ಇಂಥವನೇ 1968ರ ಫೈನಲ್‌ನ ಕೊನೇ ಪಂದ್ಯದಲ್ಲಿ ಒಂದು ಬಾಲನ್ನು ಅಂದಾಜು ಮಾಡುವಲ್ಲಿ ಎಡವಿದ, ತಂಡ ಸೋತಿತು. ಇರಲಿ, ಆಟ ಅಂದ್ಮೇಲೆ ಇದೆಲ್ಲ ಇದ್ದದ್ದೇ.

ಅವನ ಜೀವನದ ಒಂದು ಪ್ರಸಂಗ ಓದಿದ ಮೇಲೆ ಮರೆಯೋಕೆ ಆಗುವುದಿಲ್ಲ. ಇನ್ನೂ ಹದಿಹರೆಯದ ಹುಡುಗ, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕೆಳಹಂತದ ಮೈನರ್ ಲೀಗ್ ಆಡುತ್ತಿದ್ದ. ಒಂದೇ ದಿನ ಎರಡು ಪಂದ್ಯ. ಮೊದಲನೆಯದು ಮುಗಿದ ಮೇಲೆ ಬೆವರಿದ ಯೂನಿಫಾರ್ಮ್ ಬಿಚ್ಚಿ ಎಲ್ಲರ ಬಟ್ಟೆ ರಾಶಿಗೆ ಹಾಕಿದ. ಡ್ರೆಸ್ಸಿಂಗ್ ರೂಮ್ ನೋಡಿಕೊಳ್ಳುವವನು ರೇಗಾಡಿದ. ತುದಿಗೆ ಮೊಳೆ ಹೊಡೆದ ಉದ್ದನೆಯ ಕೋಲು ತಂದು, ಆ ಒಂದು ಬಟ್ಟೆಯನ್ನು ಮಾತ್ರ ಚುಚ್ಚಿ ಎತ್ತಿದ. ಬಿಳಿಯರ ಬಟ್ಟೆಯ ಜೊತೆ ಕರಿಯನ ಬಟ್ಟೆ ಒಗೆಯುವಂತಿಲ್ಲವಲ್ಲ! ಅದನ್ನು ಊರಿನ ಇನ್ನೊಂದು ಕಡೆ ಇದ್ದ ಕಪ್ಪು ಜನರ ಲಾಂಡ್ರಿಗೆ ಕಳಿಸಿದರು. ಉಳಿದವರೆಲ್ಲ ಒಗೆದ ಬಟ್ಟೆ ತೊಟ್ಟು ಎರಡನೇ ಪಂದ್ಯಕ್ಕೆ ಇಳಿದರು. ಇವನು ಮೈಮೇಲೆ ಬಟ್ಟೆಯಿಲ್ಲದೆ ಒಳಗೆ ಕೂತು ಕಾಯುತ್ತಿದ್ದ.

ಈಗ 1969ರ ಅಕ್ಟೋಬರ್‌ಗೆ ಬನ್ನಿ. ಫ್ಲಡ್‌ಗೆ ಆಗ ವರ್ಷಕ್ಕೆ 90,000 ಡಾಲರ್ ಸಂಬಳ, ಆ ಕಾಲಕ್ಕೆ ದೊಡ್ಡ ಮೊತ್ತ. ಬೆಳಗಿನ ಜಾವ ಫೋನ್ ಬಂತು. ಮಾಡಿದವರು ತಂಡದ ಮಾಲೀಕರಲ್ಲ, ಆಫೀಸಿನ ಒಬ್ಬ ಮಧ್ಯಮ ದರ್ಜೆಯ ಅಧಿಕಾರಿ. ನಿನ್ನನ್ನು ಫಿಲಡೆಲ್ಫಿಯಾ ಫಿಲೀಸ್‌ಗೆ ಕೊಟ್ಟಿದ್ದೇವೆ ಅಂದರು. ಆಮೇಲೆ ಬಂದ ಅಧಿಕೃತ ಸೂಚನೆ ಒಂದು ಪುಟ್ಟ ಕಾರ್ಡು, ಅದರ ಚೌಕದಲ್ಲಿ ಒಂದು ಟಿಕ್ ಗುರುತು. 12 ವರ್ಷದ ದುಡಿಮೆಗೆ ಸಿಕ್ಕ ಬೀಳ್ಕೊಡುಗೆ ಇಷ್ಟೇ.

ಹೋಗಲ್ಲ ಅನ್ನಬಹುದಿತ್ತಲ್ವಾ? ಅನ್ನಬಹುದಿತ್ತು, ಆದರೆ ಆಗ ಬೇಸ್‌ಬಾಲನ್ನೇ ಬಿಡಬೇಕಿತ್ತು. ಪ್ರತಿಯೊಬ್ಬ ಆಟಗಾರನ ಒಪ್ಪಂದದಲ್ಲೂ ‘ರಿಸರ್ವ್ ಕ್ಲಾಜ್’ ಅಂತ ಒಂದು ಷರತ್ತಿತ್ತು. ಒಪ್ಪಂದ ಒಂದು ವರ್ಷದ್ದೇ. ಆದರೆ ಅದನ್ನು ಇನ್ನೊಂದು ವರ್ಷ ಮುಂದುವರಿಸುವ ಹಕ್ಕು ತಂಡದ್ದು. ಹಾಗೆ ಮುಂದುವರಿಸಿದ ಒಪ್ಪಂದದಲ್ಲೂ ಅದೇ ಷರತ್ತು ಇದೆ ಅಂತ ಮಾಲೀಕರ ವಾದ. ಅಂದರೆ ಸಾಯುವವರೆಗೂ. ನೀವು ಕೆಲಸಕ್ಕೆ ರಾಜೀನಾಮೆ ಕೊಟ್ಟರೆ ದೇಶದ ಬೇರೆ ಯಾವ ಕಂಪನಿಯೂ ನಿಮ್ಮನ್ನು ತಗೊಳ್ಳುವಂತಿಲ್ಲ, ಆದರೆ ಕಂಪನಿ ಮಾತ್ರ ನಿಮ್ಮನ್ನು ಯಾರಿಗೆ ಬೇಕಾದರೂ ಕೊಡಬಹುದು ಅಂದರೆ ಹೇಗಿರುತ್ತೆ? ಹಾಗಿತ್ತು. ಬೇಸ್‌ಬಾಲ್ ಅಂತರರಾಜ್ಯ ವ್ಯಾಪಾರವೇ ಅಲ್ಲ, ಆದ್ದರಿಂದ ಏಕಸ್ವಾಮ್ಯ ತಡೆಯುವ ಕಾನೂನು ಅದಕ್ಕೆ ತಾಗುವುದಿಲ್ಲ ಅಂತ 1922ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತ್ತು.

ಫ್ಲಡ್ ಆಟಗಾರರ ಸಂಘದ ಮಾರ್ವಿನ್ ಮಿಲ್ಲರ್ ಹತ್ತಿರ ಹೋದ. ಮಿಲ್ಲರ್ ಏನೂ ಮುಚ್ಚಿಡಲಿಲ್ಲ. ಗೆಲ್ಲುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನಬಹುದು, ನಿನ್ನ ಆಟ ಮುಗಿದಂತೆ, ಮುಂದೆ ಕೋಚ್ ಕೆಲಸವೂ ಸಿಗಲ್ಲ ಅಂದ. ಬೇರೆ ಆಟಗಾರರಿಗೆ, ಮುಂದೆ ಬರುವವರಿಗೆ ಇದರಿಂದ ಒಳ್ಳೆಯದಾಗುತ್ತಾ ಅಂತ ಫ್ಲಡ್ ಕೇಳಿದ. ಆಗುತ್ತೆ ಅಂದ ಮಿಲ್ಲರ್. ಹಾಗಾದರೆ ನನಗೆ ಅಷ್ಟು ಸಾಕು ಅಂದ ಫ್ಲಡ್.

1969ರ ಡಿಸೆಂಬರ್ 24ರಂದು ಬೇಸ್‌ಬಾಲ್ ಕಮಿಷನರ್, ಅಂದರೆ ಇಡೀ ಲೀಗಿನ ಮುಖ್ಯಸ್ಥ ಬೋಯಿ ಕ್ಯೂನ್‌ಗೆ ಪತ್ರ ಬರೆದ. ಮೇಜರ್ ಲೀಗ್‌ನಲ್ಲಿ 12 ವರ್ಷ ಕಳೆದ ಮೇಲೂ, ನನ್ನ ಇಷ್ಟಾನಿಷ್ಟ ಕೇಳದೆ ಕೊಂಡು ಮಾರುವ ಆಸ್ತಿ ನಾನು ಅಂತ ನನಗೆ ಅನ್ನಿಸುವುದಿಲ್ಲ ಅಂತ. ಕ್ಯೂನ್ ಕೊಟ್ಟ ಉತ್ತರ ಓದಿದರೆ ಮೈ ಉರಿಯುತ್ತದೆ. ನೀನು ಮನುಷ್ಯ, ಕೊಂಡು ಮಾರುವ ಆಸ್ತಿಯಲ್ಲ, ಒಪ್ಪುತ್ತೇನೆ, ಆದರೆ ಅದಕ್ಕೂ ಈ ವಿಷಯಕ್ಕೂ ಏನು ಸಂಬಂಧ ಅಂತ ಗೊತ್ತಾಗುತ್ತಿಲ್ಲ! ಎಂಥ ನಯವಾದ ಮಾತು ನೋಡಿ.

90,000 ಡಾಲರ್ ಎಣಿಸುವವನಿಗೆ ಎಂಥ ಗುಲಾಮಗಿರಿ ಅಂತ ಜನ ಆಡಿಕೊಂಡರು. ಒಳ್ಳೆ ಸಂಬಳದ ಗುಲಾಮನೂ ಗುಲಾಮನೇ ಅಂತ ಅವನು ಟಿವಿಯಲ್ಲೇ ಹೇಳಿದ. ನನಗೆ ಅವನು ಹೀರೋ ಆಗಿದ್ದು ಇಲ್ಲಿ. ತೀರಾ ಕಷ್ಟದಲ್ಲಿರುವವನು ಸಿಡಿದೇಳುವುದು ಬೇರೆ. ಚೆನ್ನಾಗಿ ಸಂಪಾದಿಸುತ್ತಿದ್ದವನು, ಸುಮ್ನೆ ಫಿಲಡೆಲ್ಫಿಯಾಕ್ಕೆ ಹೋಗಿದ್ದರೆ ಇನ್ನೂ ಜಾಸ್ತಿ ಸಿಗುತ್ತಿದ್ದವನು, ಎಲ್ಲ ಬಿಟ್ಟು ಕೋರ್ಟ್ ಮೆಟ್ಟಿಲು ಹತ್ತುವುದು ಬೇರೆ.

1970ರಲ್ಲಿ ವಿಚಾರಣೆ ನಡೆಯಿತು. ಮೇಜರ್ ಲೀಗ್‌ನಲ್ಲಿ ಕಪ್ಪು ಆಟಗಾರರಿಗೆ ಬಾಗಿಲು ತೆರೆದ ಜಾಕಿ ರಾಬಿನ್‌ಸನ್ ಬಂದು ಅವನ ಪರ ಸಾಕ್ಷಿ ಹೇಳಿದರು. ಹ್ಯಾಂಕ್ ಗ್ರೀನ್‌ಬರ್ಗ್ ಹೇಳಿದರು. ಇಬ್ಬರೂ ಆಟ ಬಿಟ್ಟು ಎಷ್ಟೋ ಕಾಲವಾಗಿತ್ತು. ಆಗ ಆಡುತ್ತಿದ್ದವರು? ಒಬ್ಬನೂ ಕೋರ್ಟಿನ ಕಡೆ ತಲೆ ಹಾಕಲಿಲ್ಲ. ಅವರನ್ನು ಬೈಯೋಕೆ ನನಗೆ ಬಾಯಿ ಬರುವುದಿಲ್ಲ. ಆಫೀಸಿನಲ್ಲಿ ಯಾರಾದರೂ ಎದ್ದು ನಿಂತು ಮಾತಾಡಿದಾಗ ನಾವೆಲ್ಲ ಎಲ್ಲಿರುತ್ತೇವೆ ಅಂತ ಗೊತ್ತಲ್ಲ.

1972ರಲ್ಲಿ ಸುಪ್ರೀಂ ಕೋರ್ಟ್ 5-3ರಲ್ಲಿ ಫ್ಲಡ್ ವಿರುದ್ಧ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಪವೆಲ್ ಹಿಂದೆ ಸರಿದಿದ್ದರು. ಕಾರ್ಡಿನಲ್ಸ್ ತಂಡದ ಒಡೆತನ ಹೊಂದಿದ್ದ ಬಿಯರ್ ಕಂಪನಿಯ ಷೇರು ಅವರ ಬಳಿ ಇತ್ತು. ತೀರ್ಪು ಬರೆದ ಬ್ಲ್ಯಾಕ್‌ಮನ್, ಬೇಸ್‌ಬಾಲ್‌ಗೆ ಮಾತ್ರ ಇರುವ ಈ ವಿನಾಯಿತಿ ಅಸಂಗತ ಅಂತ ಒಪ್ಪಿಕೊಂಡೇ, ಅದನ್ನು ಸಂಸತ್ತು ಸರಿಪಡಿಸಲಿ ಅಂದರು. ಜೊತೆಗೆ ತೀರ್ಪಿನ ಶುರುವಿನಲ್ಲೇ ಹಳೇ ಆಟಗಾರರ 80ಕ್ಕೂ ಹೆಚ್ಚು ಹೆಸರು ಪಟ್ಟಿ ಮಾಡಿ ಬೇಸ್‌ಬಾಲ್‌ನ ಗುಣಗಾನ ಮಾಡಿದರು. ಒಬ್ಬನ ಬದುಕು ಮುಳುಗುತ್ತಿರುವಾಗ ಇವರಿಗೆ ಅಭಿಮಾನದ ಸಂಭ್ರಮ. ಬ್ಲ್ಯಾಕ್‌ಮನ್ ಪರ ಮತ ಹಾಕಿದ ಇಬ್ಬರು ನ್ಯಾಯಮೂರ್ತಿಗಳೇ ಆ ಭಾಗಕ್ಕೆ ಸಹಿ ಹಾಕಲಿಲ್ಲ.

ಫ್ಲಡ್ ಅಷ್ಟರಲ್ಲಿ ಮುಗಿದುಹೋಗಿದ್ದ. 1970 ಪೂರ್ತಿ ಆಡಲಿಲ್ಲ. 1971ರಲ್ಲಿ ವಾಷಿಂಗ್ಟನ್ ಸೆನೆಟರ್ಸ್‌ಗೆ 13 ಪಂದ್ಯ ಆಡಿ, ಮಾಲೀಕರಿಗೆ ತಂತಿ ಕಳಿಸಿ ಸ್ಪೇನ್‌ಗೆ ಹೊರಟುಬಿಟ್ಟ. ಮಯೋರ್ಕಾ ದ್ವೀಪದಲ್ಲಿ ಒಂದು ಬಾರ್ ನಡೆಸಿದ. ಕುಡಿತ, ಸಾಲ. ದೇವರಂಥ ಮನುಷ್ಯ ಅಂತ ನಾನೇನೂ ಹೇಳುತ್ತಿಲ್ಲ.

1975ರ ಡಿಸೆಂಬರ್‌ನಲ್ಲಿ ಮೆಸ್ಸರ್‌ಸ್ಮಿತ್, ಮೆಕ್‌ನ್ಯಾಲಿ ಎಂಬ ಇಬ್ಬರು ಪಿಚರ್‌ಗಳ (ಚೆಂಡು ಎಸೆಯುವವರ) ದೂರಿನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಜ್ ರಿಸರ್ವ್ ಕ್ಲಾಜ್ ಮುರಿದ. ಕೋರ್ಟಿನಲ್ಲಲ್ಲ, ಸಂಘ ಹೋರಾಡಿ ಪಡೆದಿದ್ದ ಮಧ್ಯಸ್ಥಿಕೆಯಲ್ಲಿ. ಆದರೆ ಆಟಗಾರರಿಗೂ ಜನರಿಗೂ ಈ ವಿಷಯ ಅರ್ಥ ಮಾಡಿಸಿದ್ದು ಫ್ಲಡ್ ಕೇಸು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಅಲ್ಲಿಂದ ಆಟಗಾರರ ಸಂಬಳ ಏರಿದ್ದೇ ಏರಿದ್ದು. 2023ರ ಡಿಸೆಂಬರ್‌ನಲ್ಲಿ ಶೋಹೈ ಒಟಾನಿ ತನಗೆ ಬೇಕಾದ ತಂಡ ತಾನೇ ಆರಿಸಿಕೊಂಡು, 10 ವರ್ಷಕ್ಕೆ 70 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡ. ಫ್ಲಡ್‌ಗೆ ಇದರಲ್ಲಿ ಬಿಡಿಗಾಸೂ ಬರಲಿಲ್ಲ. 1997ರ ಜನವರಿಯಲ್ಲಿ, 59 ತುಂಬಿದ ಎರಡೇ ದಿನಕ್ಕೆ, ಗಂಟಲ ಕ್ಯಾನ್ಸರ್‌ನಿಂದ ತೀರಿಕೊಂಡ. ಮೇಜರ್ ಲೀಗ್ ಆಟಗಾರರ ಮಟ್ಟಿಗೆ ಆ ವಿನಾಯಿತಿ ತೆಗೆದುಹಾಕುವ ಕಾಯ್ದೆ ಮರುವರ್ಷ ಅವನ ಹೆಸರಿನಲ್ಲೇ ಬಂತು.

ನಮ್ಮ ಐಪಿಎಲ್ ಹರಾಜಿಗೆ ಆಟಗಾರನೇ ಹೆಸರು ಕೊಡುತ್ತಾನೆ, ಎರಡೂ ಒಂದೇ ಅಂತ ನಾನು ವಾದ ಮಾಡುವುದಿಲ್ಲ. ನನ್ನ ಸಿಟ್ಟು ಇರುವುದು ಬೇಸ್‌ಬಾಲ್ ದಿಗ್ಗಜರಿಗೆ ಗೌರವ ಕೊಡುವ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್ ಮೇಲೆ. ಬೋಯಿ ಕ್ಯೂನ್ 2008ರಲ್ಲೇ ಅಲ್ಲಿ ಸೇರಿದ. ಮಿಲ್ಲರ್ ಕೂಡ ಸತ್ತ ಮೇಲೆ, 2021ರಲ್ಲಿ ಸೇರಿದ. ಫ್ಲಡ್ ಇಲ್ಲ. ಬ್ಯಾಟಿಂಗ್ ಆವರೇಜ್ .293 (ನೂರು ಅವಕಾಶಕ್ಕೆ ಸುಮಾರು 29 ಹಿಟ್), ಅಷ್ಟು ಸಾಲದು ಅನ್ನುವವರಿದ್ದಾರೆ. ಸರಿ ಸ್ವಾಮಿ, ಕ್ಯೂನ್ ಆವರೇಜ್ ಎಷ್ಟಿತ್ತು?