ಬಸ್ಸು ಅವರದ್ದು, ಕಾಯುವ ಕೆಲಸ ನಮ್ಮದು

ಮಂಗಳೂರಿಗೆ ಸರ್ಕಾರಿ ಸಿಟಿ ಬಸ್ ಬೇಕು ಅಂತ ಜನ ಮನವಿ ಕೊಟ್ಟರು, ಅಧಿಕಾರಿಗಳು ಪರಿಶೀಲಿಸುತ್ತೇವೆ ಅಂದರು, ಖಾಸಗಿ ಬಸ್ ಮಾಲಕರು ಆಕ್ಷೇಪ ಎತ್ತಿದರು. ಸುದ್ದಿ ಮತ್ತೆ ಬಂದಿದೆ, ನೀವೂ ಓದಿರುತ್ತೀರಿ. ತಾರೀಕು ಒಂದು ಬದಲಾಯಿಸಿ ಹಳೇ ವರದಿಯನ್ನೇ ಹಾಕಿದರೆ ಆಯ್ತು, ವರದಿಗಾರರಿಗೆ ಸುಮ್ನೆ ಯಾಕೆ ತೊಂದರೆ?

ಹಾಗಂತ ನಮ್ಮ ಖಾಸಗಿ ಬಸ್ಸಿನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೂ ಸಿಟ್ಟು ಬರುತ್ತದೆ. ಘಟ್ಟದ ಮೇಲಿನ ನೆಂಟರು ಬಂದರೆ ನಾವು ಮೊದಲು ತೋರಿಸುವುದೇ ಇದನ್ನು. ನೋಡಿ, ಕೈ ಅಡ್ಡ ಹಿಡಿದಲ್ಲಿ ನಿಲ್ಲುತ್ತದೆ. ನೋಡಿ, ಎರಡು ನಿಮಿಷಕ್ಕೊಂದು. ಒಳಗೆ ಕಾಲಿಡಲು ಜಾಗ ಇಲ್ಲದಿದ್ದರೂ ಕಂಡಕ್ಟರಣ್ಣ ತುಳುವಿನಲ್ಲಿ "ದುಂಬು ಪೋಲೆ, ಜಾಗ ಉಂಡು" (ಮುಂದೆ ಹೋಗಿ, ಜಾಗ ಇದೆ) ಅಂತ ಕೂಗುತ್ತಲೇ ಇರುತ್ತಾನೆ, ಆ ಜಾಗ ಅವನ ಕಣ್ಣಿಗೆ ಮಾತ್ರ ಕಾಣುವಂಥದ್ದು. ಇನ್ನು ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ಸಿನ ಮುಂದಿನ ಸೀಟಿನಲ್ಲಿ ಕೂತವರು ಅದರ ವೇಗಕ್ಕೆ ಹೆದರಿ, ಮೂಲ್ಕಿ ಬರುವಷ್ಟರಲ್ಲಿ ಅಲ್ಲಿನ ಬಪ್ಪನಾಡು ದೇವಸ್ಥಾನದ ಅಮ್ಮನಿಗೆ ಹರಕೆ ಹೊತ್ತಾಗಿರುತ್ತದೆ. ಇಷ್ಟೆಲ್ಲ ಭಕ್ತಿ ಸರ್ಕಾರಿ ಬಸ್ಸಿನಲ್ಲಿ ಸಾಧ್ಯವಾ?

ಆದರೆ ನೆಂಟರನ್ನು ರಾತ್ರಿ ಒಂಬತ್ತು ಗಂಟೆಗೆ ಮಾತ್ರ ಸ್ಟಾಪಿಗೆ ಕರೆದುಕೊಂಡು ಹೋಗಬೇಡಿ. ಭಾನುವಾರ ಮಧ್ಯಾಹ್ನವೂ ಬೇಡ.

ಹಗಲು ಒಬ್ಬ ಪ್ರಯಾಣಿಕನಿಗಾಗಿ ಮೂರು ಬಸ್ಸು ಹೊಡೆದಾಡುವ ರೂಟಿನಲ್ಲಿ ರಾತ್ರಿಯಾದ ಮೇಲೆ ಮೂವತ್ತು ಜನಕ್ಕೆ ಒಂದೂ ಬಸ್ಸಿರುವುದಿಲ್ಲ. ಕೇಳಿದರೆ "ಟ್ರಿಪ್ ಕಟ್" ಅನ್ನುತ್ತಾರೆ. ಜನ ಕಮ್ಮಿ, ಡೀಸೆಲ್ ದುಡ್ಡು ಹುಟ್ಟುವುದಿಲ್ಲ. ಲೆಕ್ಕ ಸರಿಯಾಗಿಯೇ ಇದೆ. ಮಾಲಕರು ವ್ಯಾಪಾರಕ್ಕೆ ಕೂತವರು, ಧರ್ಮಕ್ಕೆ ಅಲ್ಲವಲ್ಲ. ಕೊರೊನಾ ಕಾಲದಲ್ಲಿ ತೆರಿಗೆ ಉಳಿಸಲು ಎಷ್ಟೋ ಮಂದಿ ದಾಖಲೆಗಳನ್ನು ಆರ್‌ಟಿಒಗೆ ಒಪ್ಪಿಸಿ ಬಸ್ಸನ್ನು ಶೆಡ್ಡಿಗೆ ಹಾಕಿದರು, ಅವರ ನಷ್ಟವೂ ಸುಳ್ಳಲ್ಲ. ಆದರೆ ಪರ್ಮಿಟ್ ಅಂತ ಒಂದಿದೆ ಅಲ್ವಾ? ಈ ರೂಟಿನಲ್ಲಿ, ಇಷ್ಟು ಗಂಟೆಗೆ, ಇಷ್ಟು ಟ್ರಿಪ್ ಓಡಿಸುತ್ತೇನೆ ಅಂತ ಒಪ್ಪಿಕೊಂಡೇ ಪಡೆದದ್ದು. ಲಾಭದ ಟ್ರಿಪ್ಪಿಗೆ ಬೇರೆ ಯಾರಾದರೂ ಬಂದರೆ ಪರ್ಮಿಟ್ ನನ್ನದು ಅಂತ ಕೋರ್ಟಿಗೆ ಓಡುವುದು, ನಷ್ಟದ ಟ್ರಿಪ್ಪಿಗೆ ಅದೇ ಪರ್ಮಿಟ್ಟು ಎಲ್ಲಿದೆ ಅಂತಲೇ ಗೊತ್ತಿಲ್ಲದಿರುವುದು.

ಶಕ್ತಿ ಯೋಜನೆ ಬಂದದ್ದು 2023ರ ಜೂನ್ 11ಕ್ಕೆ. ರಾಜ್ಯದ ಹೆಂಗಸರಿಗೆಲ್ಲ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಬೆಂಗಳೂರಿನಲ್ಲಿ ಒಳ್ಳೆ ಸಂಬಳದ ಸಾಫ್ಟ್‌ವೇರ್ ಹುಡುಗಿ ಬಿಎಂಟಿಸಿಯಲ್ಲಿ ಪುಕ್ಕಟೆ ಹೋಗುತ್ತಾಳೆ, ಹೋಗಲಿ, ಒಳ್ಳೆಯದೇ. ಇಲ್ಲಿ ಬೀಡಿ ಕಟ್ಟಿ ಬೀಡಿ ಕಂಪನಿಯ ಬ್ರಾಂಚಿಗೆ ಕೊಡಲು ಹೋಗುವ ಅಕ್ಕ ಮಾತ್ರ ಹೋಗುವಾಗಲೂ ಟಿಕೆಟು ತೆಗೆಯಬೇಕು, ಬರುವಾಗಲೂ ತೆಗೆಯಬೇಕು. ಆಕೆಯ ರೂಟಿನಲ್ಲಿ ಸರ್ಕಾರಿ ಬಸ್ಸೇ ಇಲ್ಲ. ಬೆರಳೆಣಿಕೆಯ ರೂಟುಗಳಲ್ಲಿ ಕೇಂದ್ರದ ನರ್ಮ್ ಯೋಜನೆಯಲ್ಲಿ ಬಂದ ಸರ್ಕಾರಿ ಬಸ್ಸು ಓಡುತ್ತದೆ, ಅದು ಕಂಡರೆ ಹೆಂಗಸರು ಓಡಿ ಬರುತ್ತಾರೆ. ಯೋಜನೆಯ ದುಡ್ಡು ಹೋಗುವುದು ರಾಜ್ಯದ ಬೊಕ್ಕಸದಿಂದ, ಅದಕ್ಕೆ ಮಂಗಳೂರಿನವರೂ ತೆರಿಗೆ ಕಟ್ಟಿದ್ದಾರೆ. ನಾವು ಕಟ್ಟುತ್ತೇವೆ, ಅವರು ಹತ್ತುತ್ತಾರೆ. ಕರಾವಳಿಯವರು ದಾನಕ್ಕೆ ಹೆಸರಾದವರು ಅಂತ ಸುಮ್ನೆ ಹೇಳುವುದಲ್ಲ.

ದಾನ ಅಂದಾಗ ನೆನಪಾಯ್ತು, ಬಸ್ಸಿನಿಂದ ಸ್ವಲ್ಪ ಇಳಿಯೋಣ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಅಂತ ಇದ್ದರು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದವರು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕ್ ಶುರುಮಾಡಿದರು. ಆಮೇಲೆ ಉಡುಪಿಯಲ್ಲಿ ಸಿಂಡಿಕೇಟ್, ಮಂಗಳೂರಿನಲ್ಲಿ ವಿಜಯಾ. ಎಲ್ಲ ಖಾಸಗಿ. 1969ರಲ್ಲಿ ಎರಡನ್ನು, 1980ರಲ್ಲಿ ಇನ್ನೆರಡನ್ನು ಸರ್ಕಾರ ತೆಗೆದುಕೊಂಡಿತು. ಕೊನೆಗೆ 2019ರ ಏಪ್ರಿಲ್ 1ಕ್ಕೆ ವಿಜಯಾ, 2020ರ ಏಪ್ರಿಲ್ 1ಕ್ಕೆ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬೇರೆ ಬ್ಯಾಂಕುಗಳೊಳಗೆ ಕರಗಿದವು. ಎರಡು ಸಲವೂ ಏಪ್ರಿಲ್ ಒಂದೇ, ದಿನ ಆರಿಸುವುದರಲ್ಲಿ ಸರ್ಕಾರದ ಹಾಸ್ಯಪ್ರಜ್ಞೆ ಮೆಚ್ಚಬೇಕು. ಆಗ "ನಮ್ಮ ಬ್ಯಾಂಕ್ ಹೋಯ್ತು" ಅಂತ ಇಡೀ ಜಿಲ್ಲೆ ಗೋಳಾಡಿತು. ಸರ್ಕಾರಿ ಬ್ಯಾಂಕಿಗಾಗಿ ಅಷ್ಟು ಅತ್ತವರೇ ಬಸ್ಸಿನ ಮಾತು ಬಂದರೆ "ಸರ್ಕಾರಕ್ಕೆ ಯಾಕೆ ಮಾರಾಯ್ರೆ ಬಸ್ಸಿನ ಉಸಾಬರಿ" ಅನ್ನುತ್ತಾರೆ.

ಅದೇ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಆಸ್ಪತ್ರೆಗೂ ಜಾಗ ಕೊಟ್ಟಿದ್ದರು. ಹೆಂಗಸರ ಮತ್ತು ಮಕ್ಕಳ ಸರ್ಕಾರಿ ಆಸ್ಪತ್ರೆ. ಆ ಜಾಗವನ್ನು ಸರ್ಕಾರ ಗಲ್ಫಿನಲ್ಲಿ ದೊಡ್ಡ ಹೆಸರು ಮಾಡಿದ ನಮ್ಮೂರ ಉದ್ಯಮಿಯ ಕೈಗೆ ಕೊಟ್ಟಿತು. ಜನ ಬೇಡ ಅಂದರು, ಹೋರಾಟವೂ ನಡೆಯಿತು. ನಿಮಗೆ ಅಭಿವೃದ್ಧಿ ಬೇಡವಾ ಅಂತ ಬೈಸಿಕೊಂಡರು. 2017ರಲ್ಲಿ 200 ಹಾಸಿಗೆಯ ಹೊಸ ಆಸ್ಪತ್ರೆ ಉದ್ಘಾಟನೆಯಾಯ್ತು, ಚಂದವೇ ಇತ್ತು, ಹೆರಿಗೆ ಪುಕ್ಕಟೆ. 2020ರಲ್ಲಿ ಗಲ್ಫಿನಲ್ಲಿ ಆ ಉದ್ಯಮಿಯ ಸಾಮ್ರಾಜ್ಯ ಕುಸಿಯಿತು. ಇಲ್ಲಿ ನರ್ಸುಗಳು ಸಂಬಳ ಕೊಡಿ ಅಂತ ಬೀದಿಯಲ್ಲಿ ಕೂತರು. ಅಬುಧಾಬಿಯಲ್ಲಿ ಯಾರದ್ದೋ ಲೆಕ್ಕ ತಪ್ಪಿದ್ದಕ್ಕೆ ಉಡುಪಿಯಲ್ಲಿ ಬಾಣಂತಿ ಯಾಕೆ ಹೆದರಬೇಕು? ಕೊನೆಗೆ ಸರ್ಕಾರವೇ ವಾಪಸ್ ವಹಿಸಿಕೊಂಡಿತು.

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಕಥೆ ಚಿಕ್ಕದು. 2020ರ ಅಕ್ಟೋಬರ್ 31ರಿಂದ ಅದಾನಿಯವರ ಕೈಯಲ್ಲಿ, 50 ವರ್ಷಕ್ಕೆ. ಪ್ರಯಾಣಿಕರ ತಲೆಗೆ ಸರ್ಕಾರಕ್ಕೆ ಇಷ್ಟು ಕೊಡುತ್ತೇವೆ ಅಂತ ಕೂಗಿ ಗೆದ್ದದ್ದು. ಅಹಮದಾಬಾದಿನ ತಲೆಗೆ 177 ರೂಪಾಯಿ, ಮಂಗಳೂರಿನ ತಲೆಗೆ 115. ಬುದ್ಧಿವಂತರ ಜಿಲ್ಲೆ ಅಂತ ಬೀಗುತ್ತೇವಲ್ಲ, ಮಾರುಕಟ್ಟೆ ರೇಟು ಇಷ್ಟು.

ಸರ್ಕಾರ ನಡೆಸಿದರೆ ಎಲ್ಲ ಬಂಗಾರ ಅಂತ ನಾನು ಹೇಳುವುದಿಲ್ಲ. ಸರ್ಕಾರಿ ಕಚೇರಿಯ ಬೆಂಚಿನಲ್ಲಿ ನಾನೂ ಕೂತವನೇ. ಈಗ ಕೇಂದ್ರದ ಇ-ಬಸ್ ಯೋಜನೆ ಇದೆ, 2023ರಲ್ಲಿ ಒಪ್ಪಿಗೆಯಾದ ದೇಶದ 10,000 ಬಸ್ಸು. ಮಂಗಳೂರಿಗೂ ಬರುತ್ತದೆ ಬರುತ್ತದೆ ಅಂತ ಕೇಳಿ ಕೇಳಿ ಕಿವಿ ದಣಿದಿದೆ. ಮಜಾ ಏನೆಂದರೆ ಆ ಬಸ್ಸು ತಂದು ಓಡಿಸುವುದೂ ಖಾಸಗಿ ಕಂಪನಿಯೇ, ಸರ್ಕಾರ ಕಿಲೋಮೀಟರಿಗೆ ಇಷ್ಟು ಅಂತ ಕೊಡುವುದು. ಆಗ ನಮ್ಮ ಖಾಸಗಿಯವರು ಆ ಖಾಸಗಿಯವರ ಮೇಲೆ ಕೇಸು ಹಾಕಬಹುದು. ನಾವು ಸ್ಟಾಪಿನಲ್ಲಿ ನಿಂತು ನೋಡಬಹುದು.

ನಗಾಡಿದ್ದು ಸಾಕು. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತ ಹುಡುಗಿಯರು ರಾತ್ರಿ ಶಟರ್ ಎಳೆದ ಮೇಲೆ ಕಾಲು ನೋಯಿಸಿಕೊಂಡು ರಸ್ತೆ ಬದಿ ನಿಂತಿರುತ್ತಾರೆ, ನಾಲ್ಕು ಜನ ಸೇರಿದರೆ ರಿಕ್ಷಾ, ಸೇರದಿದ್ದರೆ ಅಣ್ಣನೋ ಅಪ್ಪನೋ ಬೈಕ್ ತರಬೇಕು. ಅಪ್ಪನೂ ಇಲ್ಲ ಬೈಕೂ ಇಲ್ಲ ಅಂದರೆ ಕೆಲಸ ಬಿಡಬೇಕು. ಬಿಟ್ಟವರನ್ನು ನಾನು ಬಲ್ಲೆ. ಬಸ್ಸು ಸರ್ಕಾರದ್ದಾ ಖಾಸಗಿಯದ್ದಾ ಅಂತ ಆ ಹುಡುಗಿ ಕೇಳುವುದಿಲ್ಲ. ಬರಬೇಕಾದ ಬಸ್ಸು ಬರಲಿಲ್ಲ, ಯಾರನ್ನು ಹಿಡಿಯಬೇಕು ಅಂತ ಕೇಳುತ್ತಾಳೆ. ಪರ್ಮಿಟ್ ಕೊಡುವ ಆರ್‌ಟಿಎಗೆ, ಅಂದರೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ, ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಅಂದರೆ ಉತ್ತರ ಕೊಡಬೇಕಾದವರು ಊರಿನಲ್ಲೇ ಇದ್ದಾರೆ, ಎಸಿ ರೂಮಿನಲ್ಲಿ, ರಾತ್ರಿ ಕಾರಿನಲ್ಲಿ ಮನೆಗೆ ಹೋಗುತ್ತಾರೆ.

ಸಾವಿರ ಬಸ್ಸು ಕೇಳುವುದಿಲ್ಲ ಸ್ವಾಮಿ. ಯಾವ ರೂಟಿನ ಬಸ್ಸು ಎಷ್ಟು ಗಂಟೆಗೆ ಹೊರಡಬೇಕು ಅಂತ ಪರ್ಮಿಟ್ ಫೈಲಿನಲ್ಲಿ ಇದ್ದೇ ಇದೆ. ಅದನ್ನು ಒಂದೊಂದು ಸ್ಟಾಪಿನಲ್ಲಿ ಬೋರ್ಡು ಮಾಡಿ ಹಾಕಿ. 8.40ರ ಬಸ್ಸು ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಕೆಳಗೆ ನಂಬರ್ ಬರೆಯಿರಿ, ಎತ್ತುವವರ ನಂಬರ್. ಜಾಗ ಇಲ್ಲ ಅನ್ನಬೇಡಿ. ತಂಗುದಾಣದ ತುಂಬ ಚಿನ್ನದಂಗಡಿಯ ಜಾಹೀರಾತಿನ ಮದುಮಗಳಿದ್ದಾಳಲ್ಲ, ಆಕೆಯ ಸರದಲ್ಲಿ ಎರಡು ಸಾಲು ಕಮ್ಮಿ ಮಾಡಿ.