ಕಡಲು ಸರಿದರೂ ಹೊಸ್ತಿಲು ಅಲ್ಲೇ ಇದೆ

ಸಿಂಗಪುರದ ತೆಲೋಕ್ ಆಯರ್ ಬೀದಿಯ ಹೆಸರಿಗೆ ಮಲಯ ಭಾಷೆಯಲ್ಲಿ ನೀರಿನ ಕೊಲ್ಲಿ ಎಂದು ಅರ್ಥ. ಈಗ ಅಲ್ಲಿ ನೀರೇ ಇಲ್ಲ, ಕಣ್ಣು ಹಾಯಿಸಿದಷ್ಟೂ ಗಗನಚುಂಬಿ ಕಚೇರಿಗಳು. 1880ರ ದಶಕದಲ್ಲಿ ಮಣ್ಣು ತುಂಬಿ ಕಡಲನ್ನು ಹಿಂದಕ್ಕೆ ಸರಿಸುವ ಮೊದಲು ಆ ಬೀದಿಯ ಥಿಯಾನ್ ಹಾಕ್ ಕೆಂಗ್ ಎಂಬ, ಚೀನೀಯರ ತಾವೋ ಪಂಥದ ದೇವಸ್ಥಾನ ದಡದಲ್ಲೇ ಇತ್ತು. ಚೀನಾದ ಫುಜಿಯಾನ್ ಪ್ರಾಂತ್ಯದಿಂದ ಹಾಯಿಹಡಗುಗಳಲ್ಲಿ ಬಂದವರು ಜೀವಸಹಿತ ದಡ ಸೇರಿದ್ದಕ್ಕೆ ಕಡಲ ತಾಯಿ ಮಾಜುವಿಗೆ ಇಲ್ಲಿ ಊದುಬತ್ತಿ ಹಚ್ಚಿ ಕೈಮುಗಿಯುತ್ತಿದ್ದರು. ಮೊದಲಿಗೆ ಇದ್ದದ್ದು ಪುಟ್ಟ ಗುಡಿ. ಈಗಿನ ಕಟ್ಟಡ ಎದ್ದದ್ದು 1839ರಿಂದ 1842ರ ನಡುವೆ. ದೇವಿಯ ಮೂರ್ತಿ 1840ರಲ್ಲಿ ಚೀನಾದಿಂದ ಬಂತು.

ವಾರದ ಕೊನೆಗೆ ನಾನು ಅಲ್ಲಿಗೆ ಹೋಗುವುದುಂಟು. ಹೊಸ್ತಿಲು ಎತ್ತರ, ಕಾಲೆತ್ತಿ ದಾಟುವಾಗ ದೃಷ್ಟಿ ತಾನಾಗಿ ಕೆಳಕ್ಕೆ ಬೀಳುತ್ತದೆ. ಕಟ್ಟಿದ ಕಥೆಯನ್ನೂ ದಾನಿಗಳ ಹೆಸರನ್ನೂ 1850ರ ಶಿಲಾಶಾಸನ ಹೇಳುತ್ತದೆ. ವ್ಯಾಪಾರಿ ತಾನ್ ತೊಕ್ ಸೆಂಗ್ ದೊಡ್ಡ ದಾನಿ. ಹಿಂಬದಿಯ ಗುಡಿಯಲ್ಲಿ ಕರುಣೆಯ ದೇವಿ ಗುವಾನ್‌ಯಿನ್ ಇದ್ದಾಳೆ. ಮೊದಲ ಸಲ ಅವಳ ಮುಂದೆ ನಿಂತಾಗ ನನಗೆ ಮಂಗಳೂರಿನ ಕದ್ರಿ ದೇವಸ್ಥಾನ ನೆನಪಾಯಿತು. ಗುವಾನ್‌ಯಿನ್ ಎಂದರೆ ಬೌದ್ಧರ ಕರುಣಾಮೂರ್ತಿ, ನಮ್ಮ ಅವಲೋಕಿತೇಶ್ವರನೇ, ಚೀನಾದಲ್ಲಿ ಹೆಣ್ಣಾದವನು. ಕದ್ರಿಯ ಮೂರು ಮುಖ, ಆರು ಕೈಗಳ ಕಂಚಿನ ಲೋಕೇಶ್ವರನನ್ನು ವಿದ್ವಾಂಸರು ಗುರುತಿಸುವುದೂ ಅವಲೋಕಿತೇಶ್ವರನೆಂದೇ. ಅಳುಪ ಅರಸ ಕುಂದವರ್ಮ ಆ ಮೂರ್ತಿಯನ್ನು ಪ್ರತಿಷ್ಠಾಪಿಸಿದ್ದು 968ರಲ್ಲಿ. ಮಾಜು ಎಂದು ಪೂಜೆಗೊಳ್ಳುವ ಹುಡುಗಿ ಫುಜಿಯಾನಿನ ಮೇಜೌ ದ್ವೀಪದಲ್ಲಿ ಹುಟ್ಟಿದ್ದು 960ರಲ್ಲಿ ಎನ್ನುತ್ತಾರೆ. ಎರಡು ಕಡಲತೀರ, ಹೆಚ್ಚುಕಡಿಮೆ ಒಂದೇ ಕಾಲ!

ಇಷ್ಟು ಹತ್ತಿರದವರು ನಾವು. ಆದರೆ ಹಳೆಯದನ್ನು ನೋಡಿಕೊಳ್ಳುವ ರೀತಿಯಲ್ಲಿ ಬಹಳ ದೂರವಾಗಿದ್ದೇವೆ. ಸಿಂಗಪುರವೂ ಹಳೆಯ ಬೀದಿಗಳನ್ನು ಸಾಕಷ್ಟು ಕೆಡವಿದ ಊರೇ. ಆದರೂ 1973ರಲ್ಲಿ ಈ ದೇವಸ್ಥಾನವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. 1998ರಿಂದ 2000ದವರೆಗೆ ದುರಸ್ತಿ ನಡೆದಾಗ ಚೀನಾದ ಕುಶಲಕರ್ಮಿಗಳನ್ನು ಕರೆಸಿ ಹಳೆಯ ಪದ್ಧತಿಯಲ್ಲೇ ಕೆಲಸ ಮಾಡಿಸಿದರು. ಮರುವರ್ಷ ಯುನೆಸ್ಕೋದ ಗೌರವವೂ ಬಂತು. ಚೀನಾದ ಚಕ್ರವರ್ತಿ ಗುವಾಂಗ್‌ಶು 1907ರಲ್ಲಿ ಕಳುಹಿಸಿದ ಕೈಬರಹದ ಸುರುಳಿ ವಸ್ತುಸಂಗ್ರಹಾಲಯದಲ್ಲಿ ಭದ್ರವಾಗಿದೆ, ಗುಡಿಯಲ್ಲಿರುವುದು ಅದರ ಪ್ರತಿ.

ನಮ್ಮ ಕರಾವಳಿಯಲ್ಲಿ ಜೀರ್ಣೋದ್ಧಾರ ಎಂದರೆ ಎಷ್ಟೋ ಕಡೆ ನೆಲಸಮ ಎಂದೇ ಆಗಿಬಿಟ್ಟಿದೆ. ಮುರಕಲ್ಲಿನ ಗೋಡೆ ಹೋಗಿ ಕಾಂಕ್ರೀಟ್ ಬರುತ್ತದೆ, ಸವೆದ ಮೆಟ್ಟಿಲು ಹೋಗಿ ನುಣುಪಾದ ಗ್ರಾನೈಟ್ ಬರುತ್ತದೆ. ಭಕ್ತಿಗೆ ಕೊರತೆಯಿಲ್ಲ; ರಜೆ ಹಾಕಿ ಕರಸೇವೆ ಮಾಡುವವರನ್ನು ಕಂಡು ನನ್ನ ಎದೆ ತುಂಬಿ ಬಂದಿದೆ. ಆದರೆ ಅಜ್ಜಂದಿರ ಕೈಕೆಲಸವೂ ದೇವರ ಸೊತ್ತೇ ಎಂದು ಬ್ರಹ್ಮಕಲಶದ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. ಹೊರನಾಡಿನಿಂದ ಹಣ ಕಳುಹಿಸುವ ನಾವೂ ಕೇಳುವುದಿಲ್ಲ. ಈ ತಪ್ಪಿನಲ್ಲಿ ನಮಗೂ ಪಾಲಿದೆ.

ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ನಮ್ಮ ದೇವಸ್ಥಾನದ ಹಳೆಯ ಮುಚ್ಚಿಗೆಯ ಹಲಗೆಯೊಂದು ಬಾವಿಕಟ್ಟೆಯ ಪಕ್ಕ ನೆನೆಯುತ್ತಾ ಬಿದ್ದಿತ್ತು. ಅದರಲ್ಲಿ ಒಂದು ಗಿಳಿ, ಕೊಕ್ಕಿನಲ್ಲಿ ಮಾವಿನ ಗೊಂಚಲು. ಮೊಕ್ತೇಸರರನ್ನು ಕೇಳಿದೆ. "ಬೇಕಾದರೆ ತೆಗೆದುಕೊಂಡು ಹೋಗಿ ಮಾರಾಯರೇ" ಎಂದರು. ಒರೆಸಿ, ಒಣಗಿಸಿ ಅಮ್ಮನ ದೇವರ ಕೋಣೆಯಲ್ಲಿ ಇಟ್ಟು ಬಂದಿದ್ದೇನೆ. ಹೊಸ ಗುಡಿಯಲ್ಲಿ ಒಂದು ಮೂಲೆ ಕೊಟ್ಟರೆ ನಾಳೆಯೇ ಮರಳಿಸುತ್ತೇನೆ.