ಸ್ಪಷ್ಟನೆ: ಓಕ್ಟಾದಲ್ಲಿ ಕಳುವಾದದ್ದು ಪಾಸ್‌ವರ್ಡ್‌ಗಳಲ್ಲ

‘2023ರಲ್ಲಿ ಓಕ್ಟಾ ಗ್ರಾಹಕರ ಪಾಸ್‌ವರ್ಡ್‌ಗಳೆಲ್ಲ ಸೋರಿಹೋದವು, ಮೈಕ್ರೋಸಾಫ್ಟ್‌ಗೆ ಬದಲಾಯಿಸಿದರೆ ನಿಶ್ಚಿಂತೆ’ ಎಂಬ ಸಂದೇಶ ಹರಿದಾಡುತ್ತಿದೆ. ಓಕ್ಟಾ ಎಂದರೆ ಸಂಸ್ಥೆಗಳಿಗೆ ಲಾಗಿನ್ ಸೇವೆ ಒದಗಿಸುವ ಕಂಪನಿ; ಮೈಕ್ರೋಸಾಫ್ಟ್ ಕೂಡ ಇಂಥದೇ ಸೇವೆ ಕೊಡುತ್ತದೆ. ಸಂದೇಶದ ಎರಡೂ ಮಾತು ಸರಿಯಲ್ಲ.

ಆ ಅಕ್ಟೋಬರ್‌ನಲ್ಲಿ ಬಯಲಾದ ದಾಳಿ ನಡೆದದ್ದು ಓಕ್ಟಾದ ಗ್ರಾಹಕ ಸಹಾಯ ವ್ಯವಸ್ಥೆಯ ಮೇಲೆ. ಲಾಗಿನ್ ಸೇವೆಯ ಮೇಲಲ್ಲ. ದೋಷ ಪರಿಶೀಲನೆಗೆಂದು ಗ್ರಾಹಕರು ಕಳುಹಿಸಿದ್ದ ಬ್ರೌಸರ್ ದಾಖಲೆಗಳಲ್ಲಿ ಸೆಷನ್ ಟೋಕನ್‌ಗಳು (ಈಗಾಗಲೇ ಲಾಗಿನ್ ಆಗಿದ್ದಾರೆ ಎಂದು ತೋರಿಸುವ ಡಿಜಿಟಲ್ ಗುರುತು) ಉಳಿದಿದ್ದವು. ಟೋಕನ್ ಸಿಕ್ಕರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಹಾಗೆಂದು ಓಕ್ಟಾದ್ದು ಏನೂ ತಪ್ಪಿಲ್ಲ ಎನ್ನಲೂ ಆಗದು: ಶೇ 1ಕ್ಕಿಂತ ಕಡಿಮೆ ಗ್ರಾಹಕರಿಗಷ್ಟೇ ತೊಂದರೆ ಎಂದಿದ್ದ ಕಂಪನಿ, ಸಹಾಯ ವ್ಯವಸ್ಥೆಯ ಬಳಕೆದಾರರೆಲ್ಲರ ಹೆಸರು, ಇಮೇಲ್ ವಿಳಾಸಗಳ ಪಟ್ಟಿಯೂ ಹೋಗಿದೆ ಎಂದು ನವೆಂಬರ್‌ನಲ್ಲಿ ಒಪ್ಪಿಕೊಂಡಿತು.

ಇನ್ನು ಮೈಕ್ರೋಸಾಫ್ಟ್? ಅದೇ ವರ್ಷ ಅದರ ಸಹಿ ಕೀಲಿಯೊಂದನ್ನು (ಟೋಕನ್ ಅಸಲಿ ಎಂದು ಮುದ್ರೆ ಹಾಕುವ ರಹಸ್ಯ ಸಂಕೇತ) ಬಳಸಿ ನಕಲಿ ಟೋಕನ್ ಸೃಷ್ಟಿಸಿದವರು ಸುಮಾರು 25 ಸಂಸ್ಥೆಗಳ ಇಮೇಲ್‌ಗೆ ನುಗ್ಗಿದ್ದರು. ಲಾಗಿನ್ ಸೇವೆ ಆಯ್ಕೆ ಮಾಡುವವರು ಬ್ರ್ಯಾಂಡ್ ಬಿಟ್ಟು, ಟೋಕನ್ ಎಷ್ಟು ಹೊತ್ತು ಜೀವಂತವಿರುತ್ತದೆ, ಯಾರು ಯಾವಾಗ ಒಳಬಂದರು ಎಂಬ ದಾಖಲೆಗಳು (ಲಾಗ್‌ಗಳು) ಯಾರಿಗೆ ಕಾಣುತ್ತವೆ ಎಂದು ಕೇಳಲಿ.